ಹದಿನೇಳನೇ ಕಂಬದ ಮೇಲಿನ ಹಕ್ಕಿ

ವೆಂಕಟಾಚಲನ ಕಷ್ಟಕ್ಕೆಲ್ಲ ಮೂಲ ಅವನ ಕೈನಡುಕ. ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೆರಡು ವರ್ಷ ಇದ್ದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲನ್ನು ವಾಪಸು ಕಳಿಸುತ್ತಿದ್ದ ಮನುಷ್ಯ ನಿವೃತ್ತನಾದ ಮೇಲೆ ಮೊಳದುದ್ದದ ಟೆಲಿ ಲೆನ್ಸ್ ಕೊಂಡು ಹಕ್ಕಿ ಫೋಟೋಕ್ಕೆ ಇಳಿದಿದ್ದ. ಆರು ತಿಂಗಳಲ್ಲಿ ತೆಗೆದ ಒಂದು ಫೋಟೋದಲ್ಲೂ ಹಕ್ಕಿ ಯಾವುದು, ಹತ್ತಿಯ ಉಂಡೆ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಹೆಂಡತಿ ಜಲಜಾ ತೀರ್ಪು ಕೊಟ್ಟಾಗಿತ್ತು. "ಭಾನುವಾರ ನಾಲ್ಕು ಗಂಟೆಗೆ ಇಂದಿರಾನಗರದಿಂದ ನಿತೀಶ್ ಅಂತ ಒಬ್ರು ಲೆನ್ಸ್ ತಗೊಳೋಕೆ ಬರ್ತಾರೆ. ಅಷ್ಟರೊಳಗೆ ಹಕ್ಕಿ ಹಕ್ಕಿ ಥರ ಕಾಣೋ ಒಂದೇ ಒಂದು ಫೋಟೋ ತೋರಿಸಿ, ಅವರಿಗೆ ಕಾಫಿ ಕೊಟ್ಟು ಕಳಿಸ್ತೀನಿ. ಇಲ್ದಿದ್ರೆ ಲೆನ್ಸ್ ಕೊಟ್ಟು ಕಳಿಸ್ತೀನಿ."

ಜಲಜಾ ಆಡಿದ ಮಾತಿಗೆ ತಪ್ಪುವವಳಲ್ಲ. ವೆಂಕಟಾಚಲನಿಗೆ ಭಯವಿದ್ದದ್ದೇ ಅದಕ್ಕೆ. ಶನಿವಾರವೇ ಅವನು ಶಿವಾಜಿನಗರಕ್ಕೆ ಹೋಗಿ, ಕ್ಯಾಮೆರಾ ರಿಪೇರಿಯ ಗಯಾಜ್ ಅಂಗಡಿಯಿಂದ ಅಗ್ಗದ್ದೊಂದು ಗಿಂಬಲ್ ಹೆಡ್ ತಂದ. ಟ್ರೈಪಾಡಿನ ನೆತ್ತಿಯ ಮೇಲೆ ಕೂರಿಸುವ ಕಪ್ಪು ಬಾಗುತೋಳು ಅದು. ಭಾರದ ಲೆನ್ಸು ಅದರಲ್ಲಿ ಜೋಲಿಯೊಳಗಿನ ಮಗುವಿನಂತೆ ತೂಗುತ್ತದೆ.

"ಬ್ಯಾಲೆನ್ಸು ಮುಖ್ಯ ಸಾರ್," ಎಂದಿದ್ದ ಗಯಾಜ್. "ಲೆನ್ಸ್ ಹಿಂದೆ ಮುಂದೆ ಸರಕಿಸಿ ನೋಡಿ. ಬೆರಳಲ್ಲಿ ಮುಟ್ಟಿದ್ರೆ ತಿರುಗಬೇಕು, ಬಿಟ್ರೆ ಅಲ್ಲೇ ನಿಲ್ಲಬೇಕು. ಸಸ್ತಾ ಮಾಲು ಅಂತ ಬೇಜಾರ್ ಬೇಡ, ಕೆಲ್ಸ ಮಾಡತ್ತೆ."

ಭಾನುವಾರ ಬೆಳಗಿನ ಏಳಕ್ಕೆಲ್ಲ ವೆಂಕಟಾಚಲ ಹಳೇಕೆರೆಯ ಏರಿಯ ಮೇಲಿದ್ದ. ಕೃಷ್ಣರಾಜಪುರದಾಚೆಯ ಈ ಕೆರೆಯ ಪಡುವಣ ದಡದಲ್ಲಿ ಅವನ ಸ್ಟಾಫ್ ಕಾಲೊನಿ, ಮೂಡಣ ದಡದಲ್ಲಿ ಹಳೇ ಊರು. ಬಿಸಿಲು ಬೆನ್ನಿಗೆ ಬೀಳಲೆಂದು ಕಾರಿನಲ್ಲಿ ಸುತ್ತು ಹಾಕಿಕೊಂಡು ಊರಿನ ಕಡೆಗೇ ಬಂದಿದ್ದ. ಕೆರೆಯ ನಾತಕ್ಕೆ ಮೂಗು ಬಾಯಿ ಮುಚ್ಚುವ ಮಾಸ್ಕು, ಹಕ್ಕಿಗೆ ಕಾಣಬಾರದೆಂದು ಎಲೆಚಿತ್ತಾರದ ಜಾಕೀಟು, ಟೋಪಿ. ನೀರಿನ ಮಧ್ಯೆ, ಹಿಂದೆ ಯಾರೋ ಸರ್ವೇಯವರು ನೆಟ್ಟು ಕೆಂಪು ಬಣ್ಣದಲ್ಲಿ ೧೭ ಎಂದು ಬರೆದುಹೋದ ಗಡಿಕಂಬವಿತ್ತು. ಚಳಿಗಾಲದಲ್ಲಿ ಬರುವ ಮೀನುಗಿಡುಗವೊಂದು ದಿನವೂ ಅದರ ಮೇಲೇ ಕೂತು ತಿಂಡಿ ತಿನ್ನುವುದನ್ನು ವೆಂಕಟಾಚಲ ವಾರದಿಂದ ಗುರುತು ಮಾಡಿಟ್ಟಿದ್ದ.

ಲೆನ್ಸನ್ನು ತೋಳಿಗೆ ಕೂರಿಸಿದ. ಮೂತಿ ಕೆಳಗೆ ಬಿತ್ತು. ಒಂದಿಷ್ಟು ಹಿಂದಕ್ಕೆ ಸರಿಸಿದ. ಮೂತಿ ಆಕಾಶ ನೋಡಿತು. ಅರ್ಧ ಗಂಟೆ ಹೀಗೇ ತಿದ್ದಿ ತಿದ್ದಿ, ಕೊನೆಗೆ ಬೆರಳು ತಾಗಿಸಿದರೆ ತೇಲಿತು, ಬಿಟ್ಟರೆ ನಿಂತಿತು. ಹಳೇ ತಪಾಸಣೆಯವನ ಜೀವಕ್ಕೆ ತಂಪಾಯಿತು.

"ಯಾವ ಇಲಾಖೆ ಸ್ವಾಮಿ?"

ತಿರುಗಿದರೆ ಊರಿನ ಜಮೀನ್ದಾರ ಮುನಿವೆಂಕಟಪ್ಪ. ಅವನ ಹಿಂದೆ ಮಗ ಸುನಿಲ್, ಅವನ ಹಿಂದೆ ಹತ್ತು ಹನ್ನೆರಡು ಜನ.

"ಇಲಾಖೆ ಇಲ್ಲ. ಹಕ್ಕಿ ಫೋಟೋ ತೆಗೀತಿದ್ದೀನಿ."

ಮುನಿವೆಂಕಟಪ್ಪ ಊರವರ ಕಡೆ ನೋಡಿ ನಕ್ಕ. "ಹೋದ್ಸಲ ಬಂದವ್ರೂ ಹಿಂಗೇ ಅಂದ್ರು. ನೀರು ಟೆಸ್ಟ್ ಮಾಡ್ತೀವಿ ಅಂದ್ರು. ಸಾಯಂಕಾಲಕ್ಕೆ ನಮ್ಮ ದನದ ಕೊಟ್ಟಿಗೆ ಮೇಲೆ ಕೆಂಪು ಗುರುತು ಹಾಕಿ ಹೋದ್ರು. ಮೂರು ಕಾಲಿನ ಮಿಷನ್ನು ಯಾತಕ್ಕೆ ಬರುತ್ತೆ ಅಂತ ನಮಗೂ ಗೊತ್ತು ಸ್ವಾಮಿ. ರಸ್ತೆನೋ, ಕೆರೆ ಸುತ್ತ ಖಾಲಿ ಬಿಡಿಸೋ ಬಫರ್ರೋ, ಅಷ್ಟು ಹೇಳ್ಬಿಡಿ."

ಇಲ್ಲವೆಂದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಎಳನೀರು ಬಂತು, ಕುರ್ಚಿ ಬಂತು. ಅಷ್ಟರಲ್ಲಿ ಮೀನುಗಿಡುಗವೂ ಬಂತು. ವೆಂಕಟಾಚಲ ಮಾಸ್ಕು ಇಳಿಸಿ ಬಾಯಿಗಿಡುವ ಮೊದಲೇ ಎಳನೀರು ಎಸೆದು ಲೆನ್ಸಿಗೆ ಕೈಹಾಕಿದ. ಅದು ಅಲುಗಾಡದೆ ಬಂಡೆಯ ಹಾಗೆ ನಿಂತಿತ್ತು.

"ಲೂಸಾಗಿತ್ತು ಸಾರ್, ಓಲಾಡ್ತಿತ್ತು," ಎಂದ ಸುನಿಲ್, ಉಪಕಾರ ಮಾಡಿದವನ ಮುಖದಲ್ಲಿ. "ಎರಡೂ ತಿರುಪು ಟೈಟ್ ಮಾಡಿದೀನಿ."

ತಿರುಪು ಸಡಿಲಿಸುವಷ್ಟರಲ್ಲಿ ಹಕ್ಕಿ ಹೋಯಿತು.

ಎರಡನೇ ಸಲ ಬಂದಾಗ ಗಂಗಲಕ್ಷ್ಮಮ್ಮನ ಸರದಿ. ಅವಳ ಹೊಸ ಮನೆ ಕೆರೆಯ ಅಂಚಿನಿಂದ ನಾಲ್ಕೇ ಹೆಜ್ಜೆ. ಮಿಷನ್ನು ತನ್ನ ಮನೆ ಕಡೆ ಕಣ್ಣು ಹಾಕದಿರಲೆಂದು ಅವಳು ಅದಕ್ಕೆ ಕುಂಕುಮವಿಟ್ಟು, ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ದಾರವನ್ನು ಲೆನ್ಸಿನ ಮೂತಿಗೆ ಕಟ್ಟಿಬಿಟ್ಟಿದ್ದಳು. ಅರ್ಧ ಗಂಟೆ ತಿದ್ದಿದ ಬ್ಯಾಲೆನ್ಸು ಒಂದು ನಿಂಬೆಹಣ್ಣಿಗೆ ಸೋತು ಮೂತಿ ನೆಲಕ್ಕೆ ಬಾಗಿತು. ಫೋಟೋದಲ್ಲಿ ಬಂದದ್ದು ಏರಿಯ ಮೇಲಿನ ಸಗಣಿ.

ವೆಂಕಟಾಚಲ ದಾರ ಬಿಚ್ಚಿದ. ಗಂಟೆ ಹತ್ತಾಗಿತ್ತು. ಅವನಿಗೆ ಅಳು ಬರಬೇಕಿತ್ತು, ಆದರೆ ಬಂದದ್ದು ಹಟ. ಜನ್ಮದಲ್ಲಿ ಸುಳ್ಳು ರಿಪೋರ್ಟ್ ಬರೆಯದವನು ಬೆನ್ನು ನೆಟ್ಟಗೆ ಮಾಡಿ, ಮಾಸ್ಕಿನೊಳಗಿಂದಲೇ ಅಧಿಕಾರಿಯ ಗತ್ತಿನಲ್ಲಿ ಹೇಳಿದ.

"ನೋಡಿ, ನಿಜ ಹೇಳ್ಬಿಡ್ತೀನಿ. ಇದು ಸರ್ವೇನೇ. ಎಲ್ರೂ ಆ ಹೊಂಗೆ ಮರದ ಹಿಂದೆ ಕೂತ್ಕೊಳಿ. ಯಾರೂ ಉಸಿರೆತ್ತಬಾರದು. ಒಬ್ರು ಮಾತಾಡಿದ್ರೂ ಗೆರೆ ಊರೊಳಗೆ ಬಂದ್ಬಿಡುತ್ತೆ."

ಊರಿಗೆ ಊರೇ ಹೊಂಗೆ ಮರದ ಹಿಂದೆ ಸೇರಿತು. ಗಂಗಲಕ್ಷ್ಮಮ್ಮ ನಾಯಿಯ ಬಾಯನ್ನೂ ಸೆರಗಿನಲ್ಲಿ ಒತ್ತಿ ಹಿಡಿದಳು. ಮುನಿವೆಂಕಟಪ್ಪ ಮಾತ್ರ ಪಿಸುಗುಟ್ಟಿದ: "ಊರೊಳಗೆ ಬರದೇ ಇದ್ರೆ ಗೆರೆ ಎತ್ಲಾಗೆ ಹೋಗುತ್ತೆ ಸ್ವಾಮಿ?"

"ಆ ಕಂಬದ ಮೇಲಿಂದ ನೆಟ್ಟಗೆ, ಆಚೆ ಕಡೆಗೆ," ಎಂದು ಕೈ ತೋರಿಸಿ ವೆಂಕಟಾಚಲ ಕಣ್ಣನ್ನು ಕ್ಯಾಮೆರಾಕ್ಕೆ ಅಂಟಿಸಿದ.

ಮೀನುಗಿಡುಗ ಮೂರನೇ ಸಲ ಬಂತು. ರೆಕ್ಕೆ ಮಡಿಸಿ ನೀರಿಗೆ ಬಿದ್ದು, ಮೀನು ಹಿಡಿದು ಮೇಲೆದ್ದು, ಕಂಬದ ಮೇಲೆ ಇಳಿಯಿತು. ಲೆನ್ಸು ಅದರ ಹಿಂದೆಯೇ ತೇಲಿತು. ಕೈ ನಡುಗುತ್ತಿತ್ತು, ಆದರೆ ಆ ಅಗ್ಗದ ತೋಳು ನಡುಕವನ್ನೆಲ್ಲ ನುಂಗಿಕೊಂಡಿತು. ಪರದೆಯಲ್ಲಿ ನೋಡಿದರೆ ಒಂದೊಂದು ಗರಿಯೂ ಬೇರೆ ಬೇರೆ, ಮೀನಿನ ಕಣ್ಣಲ್ಲಿ ಬಿಸಿಲಿನ ಚುಕ್ಕಿ. ವೆಂಕಟಾಚಲನಿಗೆ ನಿಜವಾಗಿಯೂ ಕಣ್ಣು ತುಂಬಿತು.

ಅಲ್ಲಿಂದ ನೇರ ಮನೆಗೆ ಹೋಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಗೆದ್ದವನಿಗೆ ಹೊಗಳುವವರು ಬೇಕು. ಅವನು ಗಯಾಜನಿಗೆ ತೋರಿಸಲು ಶಿವಾಜಿನಗರಕ್ಕೆ ಹೋದ.

ಗಯಾಜ್ ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದ. "ಕ್ಯಾ ಬಾತ್ ಸಾರ್. ಉಗುರು ಕೆಳಗೆ ಕಂಬದ ನಂಬರ್ ಕೂಡ ಓದ್ಬೋದು. ಹದಿನೇಳು."

ಬಿರಿಯಾನಿ ಮುಗಿಸಿ, ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಕುದ್ದು, ಲೆನ್ಸನ್ನು ಬಿಚ್ಚಿ ಅದರ ಚೀಲಕ್ಕಿಳಿಸಿ, ಜಾಕೀಟು ಮಾಸ್ಕು ಟೋಪಿ ಟ್ರೈಪಾಡುಗಳ ಜೊತೆ ಡಿಕ್ಕಿಗೆ ತುರುಕಿ, ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು ಅವನು ಮನೆ ಮುಟ್ಟಿದಾಗ ನಾಲ್ಕಕ್ಕೆ ಹತ್ತು ನಿಮಿಷ. ಅಂಗಳದಲ್ಲಿ ಎರಡನೇ ಅಡ್ಡರಸ್ತೆಯ ಎಲ್ಲರೂ ಇದ್ದರು. ಕೆರೆಗೆ ಮುಖಮಾಡಿದ ಮೊದಲ ಮನೆ ಅವನದೇ ತಾನೆ. ಜಗಲಿಯ ಮೇಲೆ ಒಬ್ಬ ಯುವಕ, ಅವನೇ ನಿತೀಶ್ ಇರಬೇಕು, ಕಾಫಿ ಕುಡಿಯುತ್ತಿದ್ದ. ಪಕ್ಕದಲ್ಲಿ ಮುನಿವೆಂಕಟಪ್ಪ.

"ಎಲ್ಲಿ ಹೋಗಿದ್ರಿ ನೀವು?" ಜಲಜಾಳ ಮುಖ ಬಿಳಿಚಿತ್ತು. "ಹದಿನೇಳನೇ ಕಂಬದಿಂದ ನೆಟ್ಟಗೆ ನಮ್ಮನೆ ಮೇಲೆ ರಸ್ತೆ ಬರುತ್ತಂತೆ. ಪಾಪ, ಇವರು ಊರಿಂದ ಹೇಳೋಕೆ ಬಂದಿದಾರೆ."

ಕಾಲೊನಿ ಸಂಘದ ಕಾರ್ಯದರ್ಶಿ ಮುನಿರಾಜು ಒಂದು ಹಾಳೆ ಎತ್ತಿ ತೋರಿಸಿದ. "ರಸ್ತೆನೂ ಇಲ್ಲ ಏನೂ ಇಲ್ಲ ಮೇಡಮ್. ಪರಿಚಯದ ಇಂಜಿನಿಯರನ್ನ ಕೇಳ್ದೆ, ಇವತ್ತು ಯಾವ ಸರ್ವೇನೂ ಇಲ್ವಂತೆ. ಅವನ್ಯಾರೋ ನಕಲಿ ಆಫೀಸರ್ರು. ಸ್ಟೇಷನ್ನಿಗೆ ಕಂಪ್ಲೇಂಟ್ ಬರೆದಾಗಿದೆ. ಮೊದಲ ಸಹಿ ನೀವೇ ಹಾಕ್ಬೇಕು, ವೆಂಕಟಾಚಲ ಅವ್ರೇ."

"ಮುಖ ಮುಚ್ಕೊಂಡಿದ್ದ ಕಳ್ಳ," ಎಂದ ಮುನಿವೆಂಕಟಪ್ಪ. "ಅವನು ಸಿಗಲಿ. ಅವನ ಮೂರು ಕಾಲಿನ ಮಿಷನ್ನಿಗೇ ಕಟ್ಟಿ ಅದೇ ಕಂಬದ ಹತ್ರ ಮುಳುಗಿಸ್ತೀವಿ."

ಗಡಿಯಾರ ನಾಲ್ಕು ಹೊಡೆಯಿತು. ಎಷ್ಟೇ ಗಾಬರಿಯಾಗಿದ್ದರೂ ಜಲಜಾ ಗಡುವು ಮರೆಯುವವಳಲ್ಲ. "ಫೋಟೋ ಸಿಕ್ತಾ? ತೋರಿಸಿ."

ಎಲ್ಲರೂ ಅವನ ಕೊರಳಿನ ಕ್ಯಾಮೆರಾ ನೋಡಿದರು. ಮುನಿವೆಂಕಟಪ್ಪ ನೋಡಲು ಅನುಕೂಲವಾಗಲೆಂದು ಕನ್ನಡಕವನ್ನೂ ಹಾಕಿಕೊಂಡ. ವೆಂಕಟಾಚಲ ಹೆಂಡತಿಗೆ ಕಣ್ಣು ಮಿಟುಕಿಸಿದ.

"ಕಣ್ಣಿಗೇನಾಯ್ತು? ಸಿಕ್ತಾ ಇಲ್ವಾ ಹೇಳಿ."

ವೆಂಕಟಾಚಲ ಕ್ಯಾಮೆರಾವನ್ನು ಎದೆಗೆ ಒತ್ತಿ ಹಿಡಿದ. "ಸಿಗ್ಲಿಲ್ಲ," ಎಂದ.

ಡಿಕ್ಕಿಯನ್ನು ಒಂದು ಗೇಣು ಮಾತ್ರ ಎತ್ತಿ, ಕೈ ತೂರಿಸಿ ತಡಕಾಡಿ, ಲೆನ್ಸನ್ನಷ್ಟೇ ಚೀಲ ಸಮೇತ ಹೊರಗೆಳೆದು ನಿತೀಶನ ಕೈಗಿಟ್ಟ. ನಿತೀಶನ ಬೈಕು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಗೇಟು ಹಿಡಿದೇ ನಿಂತಿದ್ದ. ಮುನಿವೆಂಕಟಪ್ಪನಿಗೆ ಅವನ ಮುಖ ನೋಡಿ ಕರುಳು ಚುರುಕ್ ಎಂದಿತು. ಬಂದು ಹೆಗಲ ಮೇಲೆ ಕೈಯಿಟ್ಟ.

"ಬೇಜಾರ್ ಮಾಡ್ಕೋಬೇಡಿ ಸ್ವಾಮಿ. ಇವತ್ತು ಬೆಳಿಗ್ಗೆ ನೀವು ನಮ್ಮ ಕಡೆ ಬರ್ಬೇಕಾಗಿತ್ತು. ಆ ಕಂಬದ ಮೇಲೆ ಮೀನು ಹಿಡ್ಕೊಂಡು ಎಂಥಾ ಹಕ್ಕಿ ಕೂತಿತ್ತು ಅಂತೀರಿ. ಆ ಮುಠ್ಠಾಳ ಅಷ್ಟು ದೊಡ್ಡ ಮಿಷನ್ ಇಟ್ಕೊಂಡು ಎದುರಿಗೇ ನಿಂತಿದ್ದ, ಗೆರೆ ನೋಡ್ತಾ."