ಮಾತೃಭಾಷೆಗೆ ನಾನು ಟಿಕ್ ಹಾಕಿಸಿದ್ದು

ನಾನು ಓದಿದ್ದು ಹರಿಹರದಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಐದಕ್ಕೆ ಹೋಗಲಿಲ್ಲ. ಹೋಗಿದ್ದರೆ ಮೇಷ್ಟ್ರಿಗೇ ಕಷ್ಟವಾಗುತ್ತಿತ್ತು. ಹೀಗಾಗಿ ಮೊಮ್ಮಗಳು ಲಹರಿಯ ಕಾಲೇಜಿನ ಫಾರಂ ತುಂಬುವ ಜವಾಬ್ದಾರಿ ಮೈಮೇಲೆ ಬಂದಾಗ ನಾನೇನೂ ಹೆದರಲಿಲ್ಲ.

ನಾವಿರುವುದು ವಿಜಯವಾಡದ ಪಟಮಟದಲ್ಲಿ. ಮಗ ಮಂಜುನಾಥ ಬ್ಯಾಂಕಿನ ವರ್ಗಾವಣೆ ಮೇಲೆ ಇಲ್ಲಿಗೆ ಬಂದ. ಪಕ್ಕದ ಕೌಂಟರಿನ ಪದ್ಮಜಳನ್ನು ಮದುವೆಯಾದ. ಆಮೇಲೆ ವರ್ಗಾವಣೆ ಕೇಳುವುದನ್ನು ಬಿಟ್ಟ. ಲಹರಿ ಇವರ ಹಿರಿಯ ಮಗಳು, ಕೆಳಗೆ ಒಬ್ಬ ತಮ್ಮ. ಹುಟ್ಟಿದ್ದು, ಬೆಳೆದದ್ದು, ಜಗಳವಾಡಿದ್ದು ಎಲ್ಲಾ ತೆಲುಗಿನಲ್ಲಿ. ನನ್ನಿಂದ ಏನಾದರೂ ಬೇಕಾದರೆ 'ಅಜ್ಜಿ' ಅನ್ನುತ್ತಾಳೆ. ಸಿಟ್ಟು ಬಂದರೆ ತೆಲುಗಿನ ಅಜ್ಜಿ, 'ನಾನಮ್ಮ'.

ಅವಳಿಗೆ ಫೈನಾನ್ಸ್ ಹುಚ್ಚು. ಪೇಪರ್ ಬಂದರೆ ಬೇರೆ ಹುಡುಗಿಯರು ಸಿನಿಮಾ ಪುಟ ತೆಗೆಯುತ್ತಾರೆ, ಇವಳು ಷೇರಿನ ಪುಟ. ವಿಶಾಖಪಟ್ಟಣದ ಒಂದು ಕಾಲೇಜಿನಲ್ಲಿ ಬಿಬಿಎ ಸೀಟು ಸಿಕ್ಕಿತು. ಅಲ್ಲಿಯ ನಿಯಮ ಹೀಗೆ: ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಎರಡನೇ ವರ್ಷ ಫೈನಾನ್ಸ್ ಬೇಕೋ, ಮಾರ್ಕೆಟಿಂಗ್ ಬೇಕೋ ಆರಿಸಿಕೊಳ್ಳಬೇಕು. ಫೈನಾನ್ಸಿಗೆ ನೂಕುನುಗ್ಗಲು. ಮೊದಲ ವರ್ಷದ ಒಂದೇ ಒಂದು ವಿಷಯ ಫೇಲಾದರೂ ಹೆಸರು ಪಟ್ಟಿಯಿಂದ ಹೊರಗೆ. ಭಾಷೆಯ ವಿಷಯವೂ ಸೇರಿ.

ಫಾರಂ ತುಂಬಲು ಕೊನೆಯ ದಿನ. ಮಗ ಸೊಸೆ ಇಬ್ಬರೂ ಬ್ಯಾಂಕಿನಲ್ಲಿದ್ದರು. ಲಹರಿ ಫೋನ್ ಹಿಡಿದು ಕೂತಿದ್ದಳು, ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಮೇಲ್ವಿಚಾರಣೆ ಮಾಡುತ್ತಿದ್ದೆ.

"ಸೆಕೆಂಡ್ ಲ್ಯಾಂಗ್ವೇಜಿಗೆ ಸಂಸ್ಕೃತ ಹಾಕ್ತೀನಿ ಅಜ್ಜಿ. ಎಲ್ಲರೂ ಅದೇ ಹಾಕೋದು. ಮಾರ್ಕ್ಸ್ ಸುರಿಯುತ್ತೆ."

"ಕೆಳಗೆ ಇನ್ನೇನಿದೆ?"

"ಹಿಂದಿ, ತೆಲುಗು, ಇತರ ಮಾತೃಭಾಷೆ."

"ಹಾಗಾದರೆ ಕನ್ನಡಕ್ಕೆ ಟಿಕ್ ಹಾಕು."

"ನಂಗೆ ಓದೋಕೆ ಬರಲ್ಲ."

"ಮಾತಾಡ್ತೀಯಲ್ಲ."

"ಚಟ್ನಿ ಹಾಕು, ಬಾಗಿಲು ಹಾಕು, ಟೀವಿ ಆಫ್ ಮಾಡು. ಅಷ್ಟೇ ಬರೋದು."

"ಉಳಿದದ್ದು ನಾನು ಹೇಳಿಕೊಡ್ತೀನಿ. ತೆಲುಗು ಅಕ್ಷರ, ಕನ್ನಡ ಅಕ್ಷರ ಅಕ್ಕತಂಗಿಯರು. ಅಕ್ಕನ ಮನೆ ಗೊತ್ತಿದ್ದವಳಿಗೆ ತಂಗಿ ಮನೆ ಹುಡುಕೋಕೆ ಎಷ್ಟು ಹೊತ್ತು? ಹದಿನೈದು ದಿನ ಸಾಕು."

ಅವಳು ನನ್ನ ಮುಖ ನೋಡಿದಳು. ನನ್ನ ಮುಖದಲ್ಲಿ ಅನುಮಾನ ಎಂಬುದು ಹುಟ್ಟಿನಿಂದಲೇ ಇಲ್ಲ. ಟಿಕ್ ಹಾಕಿದಳು.

ಸಂಜೆ ಪದ್ಮಜ ಚಪ್ಪಲಿ ಬಿಡುತ್ತಲೇ ವಿಷಯ ತಿಳಿದು ಒಂದು ಕಾಲಿನಲ್ಲೇ ನಿಂತುಬಿಟ್ಟಳು. "ಅತ್ತಯ್ಯಗಾರೂ, ವೈಜಾಗಿನಲ್ಲಿ ಕನ್ನಡ ಯಾರು ಪಾಠ ಮಾಡ್ತಾರೆ?"

ಯಾರೂ ಮಾಡುವುದಿಲ್ಲ ಎಂದು ಕಾಲೇಜು ಸೇರಿದ ಮೇಲೆ ಗೊತ್ತಾಯಿತು. ತಾನೇ ಓದಿಕೊಂಡು ಪರೀಕ್ಷೆ ಬರೆಯಬೇಕು. ಮನೆಯವರೋ ಪರಿಚಯದವರೋ ಒಬ್ಬರು ಮಾರ್ಗದರ್ಶಕರಾಗಿ ಸಹಿ ಮಾಡಬೇಕು. ಸಹಿ ನಾನೇ ಮಾಡಿದೆ. 'ಅರ್ಹತೆ' ಎಂಬ ಜಾಗದಲ್ಲಿ 'ಹಿರಿಯರು' ಎಂದು ಬರೆದೆ.

ಭಾಷೆ ಬದಲಿಸಲು ಎರಡು ವಾರ ಅವಕಾಶವಿತ್ತು. ಲಹರಿ ಗುಟ್ಟಾಗಿ ಸಂಸ್ಕೃತಕ್ಕೆ ಅರ್ಜಿ ಹಾಕಿದಳು. ಕಾಲೇಜಿನವರು ಒಪ್ಪಿಗೆ ಕೇಳಲು ಮಾರ್ಗದರ್ಶಕರಿಗೆ, ಅಂದರೆ ನನಗೆ, ಫೋನ್ ಮಾಡಿದರು. "ಬದಲಾವಣೆ ಇಲ್ಲ," ಎಂದೆ. "ಹುಡುಗಿ ಸ್ವಲ್ಪ ಪುಕ್ಕಲು. ನಾನಿದ್ದೇನೆ." ಅವರು ಧನ್ಯವಾದ ಹೇಳಿ ಅರ್ಜಿ ರದ್ದು ಮಾಡಿದರು.

ಹತ್ತು ನಿಮಿಷಕ್ಕೆ ಹಾಸ್ಟೆಲಿನಿಂದ ಫೋನ್. "ನಾನಮ್ಮಾ!"

ಆಮೇಲೆ ಬಂತು ಪುಸ್ತಕ. ಒಂದು ಪ್ರತಿ ಅವಳಿಗೆ, ಒಂದು ನನಗೆ. ಮೊದಲ ಪಾಠವೇ ಹಳಗನ್ನಡದ ಪದ್ಯ. ಕನ್ನಡಕ ಹಾಕಿಕೊಂಡು ಓದಿದೆ. ಕನ್ನಡಕ ಒರೆಸಿಕೊಂಡು ಓದಿದೆ. ಅಕ್ಷರ ನಮ್ಮದೇ, ಮಾತು ಯಾರದೋ!

ಇಲ್ಲಿ ಮರ್ಯಾದಸ್ಥರು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ನಾನು ಪಾಠ ಮಾಡಿದೆ. ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಅವಳು ಹಾಸ್ಟೆಲ್ ಮಂಚದ ಮೇಲೆ, ನಾನು ಅಡುಗೆಮನೆ ಕಟ್ಟೆಯ ಪಕ್ಕ. ಪದ್ಯದಲ್ಲಿ ಆನೆ ಇತ್ತು, ಕುದುರೆ ಇತ್ತು, ನಗಾರಿ ಇತ್ತು, ಜನ ಗುಂಪು ಗುಂಪಾಗಿ ಬರುತ್ತಿದ್ದರು. ಆನೆ, ಕುದುರೆ, ವಾದ್ಯ, ಜನ. ಇನ್ನೇನಿರುತ್ತೆ?

"ಇದು ರಾಜನ ಮಗಳ ಮದುವೆ," ಎಂದೆ. "ಬೀಗರು ಬರ್ತಿದ್ದಾರೆ."

"ಕೊನೇಲಿ ಎಲ್ಲರೂ ಯಾಕೆ ಮಲಗಿದ್ದಾರೆ ಅಜ್ಜಿ?"

"ಊಟ ಆಗಿದೆ."

ಅವಳು ಬರೆದುಕೊಂಡಳು. ಹೋಳಿಗೆ ಇತ್ತೇ ಎಂದು ಕೇಳಿದಳು. ಪದ್ಯದಲ್ಲಿ ಹೇಳಿಲ್ಲ, ಆದರೆ ಇದ್ದೇ ಇರುತ್ತೆ ಎಂದೆ.

ಮೊದಲ ಟೆಸ್ಟಿನ ಉತ್ತರ ಪತ್ರಿಕೆ ಕರ್ನಾಟಕದ ಯಾರೋ ಮೇಷ್ಟ್ರ ಹತ್ತಿರ ಹೋಗಿ ಬಂತು. ಐವತ್ತಕ್ಕೆ ಏಳು. ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: 'ರಣರಂಗದಲ್ಲಿ ಸತ್ತುಬಿದ್ದವರಿಗೆ ಈ ವಿದ್ಯಾರ್ಥಿನಿ ಹೋಳಿಗೆ ಬಡಿಸಿದ್ದಾಳೆ. ಇಂಥ ಅರ್ಥ ಎಲ್ಲಿ ಸಿಕ್ಕಿತು?'

ಲಹರಿ ಅದರ ಫೋಟೋ ಕಳಿಸಿದಳು. ಮಾತಾಡಲಿಲ್ಲ. ಸಿಟ್ಟಾಗಿದ್ದರೆ ನಾನಮ್ಮ ಅನ್ನುತ್ತಿದ್ದಳು. ಏನೂ ಅನ್ನಲಿಲ್ಲವಲ್ಲ, ಅದು ನನಗೆ ಚುಚ್ಚಿತು. ಸ್ವಲ್ಪ.

ಮಂಜುನಾಥ ಮಾತ್ರ ಮಾತಾಡಿದ. "ಅಮ್ಮಾ, ಕೊನೇ ಪರೀಕ್ಷೇಲೂ ಹೀಗಾದರೆ ಅವಳಿಗೆ ಫೈನಾನ್ಸ್ ಇಲ್ಲ. ಗೊತ್ತಾ?"

"ನಾನೇ ಹೋಗಿ ಸರಿಮಾಡ್ತೀನಿ," ಎಂದೆ.

"ಸರಿಮಾಡಬೇಡಮ್ಮಾ. ದಮ್ಮಯ್ಯ."

ಮಾರನೇ ದಿನವೇ ಚಕ್ಕುಲಿ ಡಬ್ಬಿ ಹಿಡಿದು ರೈಲು ಹತ್ತಿದೆ. ಅದು ವಿಶಾಖಪಟ್ಟಣದ ಒಳಕ್ಕೆ ಹೋಗದೆ ದುವ್ವಾಡದಿಂದಲೇ ಆಚೆ ಹೋಗುವ ರೈಲು. ದುವ್ವಾಡದಲ್ಲಿ ಇಳಿದು ಆಟೋ ಹಿಡಿದು, ದಾರಿಯುದ್ದಕ್ಕೂ ಕೋರ್ಸಿನ ಉಸ್ತುವಾರಿ ಮೇಡಂಗೆ ಏನು ಹೇಳಬೇಕೆಂದು ಜೋಡಿಸಿಕೊಂಡೆ. ಡ್ರೈವರಿಗೆ ಒಂದು ಸಲ ಹೇಳಿಯೂ ನೋಡಿದೆ. ಅವನಿಗೆ ಸರಿ ಅನ್ನಿಸಿತು.

ಮೇಡಂ ಮೆತ್ತಗಿನ ಹೆಂಗಸು. ನಾನು ತೆಲುಗಿನಲ್ಲಿ ಜೋರು ಮಾಡಿದೆ. ತಿದ್ದಿದ ಮೇಷ್ಟ್ರಿಗೆ ಕನ್ನಡ ಬರುವುದಿಲ್ಲ ಎಂದೆ. ನಾನು ಹುಟ್ಟಿದ್ದೇ ಕನ್ನಡದಲ್ಲಿ ಎಂದೆ.

"ಹಾಗಾದರೆ ಅಮ್ಮಗಾರೂ," ಎಂದು ಅವರು ಆ ಪುಸ್ತಕವನ್ನೇ ನನ್ನ ಮುಂದೆ ತೆರೆದಿಟ್ಟರು, "ಈ ನಾಲ್ಕು ಸಾಲು ಓದಿ ಅರ್ಥ ಹೇಳಿ. ನಾನು ಬರೆದು ಅವರಿಗೆ ಕಳಿಸ್ತೀನಿ."

ನಾನು ಪುಸ್ತಕ ನೋಡಿದೆ. ಫ್ಯಾನ್ ನೋಡಿದೆ. "ಕನ್ನಡಕ ಮರೆತು ಬಂದಿದ್ದೇನೆ," ಎಂದೆ.

"ನಿಮ್ಮ ತಲೆ ಮೇಲಿದೆ ಅಮ್ಮಗಾರೂ."

ಕಳಚಿ ಚೀಲಕ್ಕೆ ಹಾಕಿದೆ. ಚಕ್ಕುಲಿ ಡಬ್ಬಿ ಮುಂದೆ ಸರಿಸಿದೆ. ಮೇಡಂ ಒಂದು ತಿಂದರು, ನಿಯಮ ಬದಲಿಸಲಿಲ್ಲ. ಆದರೆ ಒಂದು ಕಾಗದದಲ್ಲಿ ವಿಳಾಸ ಬರೆದುಕೊಟ್ಟರು. ಅವರ ಬೀದಿಯಲ್ಲೇ ಧಾರವಾಡದಿಂದ ವರ್ಗವಾಗಿ ಬಂದ ಶಾಂತಾ ಎಂಬ ಬ್ಯಾಂಕ್ ಕ್ಲಾರ್ಕ್ ಇದ್ದಾರಂತೆ. ಕನ್ನಡದಲ್ಲೇ ಎಂಎ ಮಾಡಿದವರಂತೆ.

ಸಂಜೆ ಲಹರಿಯನ್ನು ಕರೆದುಕೊಂಡು ಹೋದೆ. "ಬರ್ರಿ ಅಜ್ಜಿ, ಕೂಡ್ರಿ," ಎಂದಳು ಶಾಂತಾ. ಪದ್ಯದ ಮೇಲೆ ಒಂದು ಸಲ ಕಣ್ಣಾಡಿಸಿದಳು. ನಮ್ಮ ನೋಟ್ಸಿನ ಮೇಲೂ ಕಣ್ಣಾಡಿಸಿದಳು. ತುಟಿ ಕಚ್ಚಿಕೊಂಡಳು.

"ಇದು ಲಗ್ನ ಅಲ್ರಿ ಅಜ್ಜಿ. ಯುದ್ಧ ಐತಿ."

"ನಮ್ಮ ಕಡೆ ಎರಡಕ್ಕೂ ಅಂಥ ವ್ಯತ್ಯಾಸ ಇಲ್ಲ," ಎಂದೆ.

ಲಹರಿ ಮೊದಲ ಸಲ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ಅಜ್ಜಿ, ಇನ್ನು ಮೇಲೆ ಭಾನುವಾರ ನೀನು ರೆಸ್ಟ್ ತಗೋ," ಎಂದಳು. ಕೆಲಸದಿಂದ ತೆಗೆಯುವುದು ಹೀಗೆ. ಬಿಬಿಎಯಲ್ಲಿ ಇದನ್ನೂ ಕಲಿಸುತ್ತಾರೆ ಎಂದು ಕಾಣುತ್ತದೆ.

ನಾಲ್ಕು ತಿಂಗಳು ಅವಳು ಬ್ಯಾಂಕು ಮುಗಿಯುವ ಹೊತ್ತಿಗೆ ಶಾಂತಾಳ ಮನೆಗೆ ಹೋಗಿ ಕೂತಳು. ನಾನು ಚಕ್ಕುಲಿ ಕಳಿಸುವುದಕ್ಕೆ ಸೀಮಿತಳಾದೆ. ಫಲಿತಾಂಶ ಬಂತು. ಕನ್ನಡದಲ್ಲಿ ನೂರಕ್ಕೆ ಅರವತ್ತೆಂಟು. ಫೈನಾನ್ಸ್ ಪಟ್ಟಿಯಲ್ಲಿ ಹೆಸರು ಕೆಳಗಿನಿಂದ ಮೂರನೆಯದು, ಆದರೆ ಇದೆ. ಪದ್ಮಜ ದೇವರಿಗೆ ದೀಪ ಹಚ್ಚಿದಳು. ನಾನು ಅಕ್ಕಪಕ್ಕದ ಮನೆಗಳಿಗೆಲ್ಲಾ ಹೋಗಿ, ಮೊಮ್ಮಗಳಿಗೆ ಕನ್ನಡ ಹಾಕಿಸಿದ್ದು ನಾನೇ ಎಂದು ಹೇಳಿ ಬಂದೆ.

ರಜೆಗೆ ಬಂದ ಲಹರಿಯನ್ನು ಕೇಳಿದೆ. "ಪ್ರಬಂಧ ಯಾವುದು ಬಂದಿತ್ತೇ?"

"'ನನ್ನ ಕನ್ನಡದ ಗುರು' ಅಜ್ಜಿ."

ನಾನು ಸೆರಗು ಸರಿಮಾಡಿಕೊಂಡು ಕೂತೆ. "ಏನು ಬರೆದೆ?"

"ಎರಡು ಪುಟ ಶಾಂತಕ್ಕನ ಮೇಲೆ."

"ನನ್ನ ಮೇಲೆ?"

"ಒಂದು ಸಾಲು ಬರೆದಿದ್ದೀನಿ. 'ನಮ್ಮ ಅಜ್ಜಿ ಚಕ್ಕುಲಿ ಚೆನ್ನಾಗಿ ಮಾಡುತ್ತಾರೆ.'"

ತಪ್ಪಿಲ್ಲದ ವಾಕ್ಯ. ಅದು ಶಾಂತಾಳ ಪಾಠದ ಫಲ.

ಮುಂದಿನ ವರ್ಷ ಲಹರಿಯ ತಮ್ಮ ಕಾಲೇಜು ಸೇರುತ್ತಾನೆ. ಅವನಿಗೆ ಯಾವ ಕೋರ್ಸು ಹಾಕಬೇಕೆಂದು ನಾನು ಆಗಲೇ ಯೋಚಿಸಿಟ್ಟಿದ್ದೇನೆ. ಆದರೆ ಇತ್ತೀಚೆಗೆ ಒಂದು ವಿಚಿತ್ರ. ಮನೆಗೆ ಯಾವುದೇ ಫಾರಂ ಬಂದ ದಿನ ನನ್ನ ಕನ್ನಡಕ ಎಲ್ಲೂ ಸಿಗುವುದಿಲ್ಲ. ತಲೆ ಮೇಲೂ ಹುಡುಕಿದ್ದೇನೆ.