ಶ್ರೀಮತಿ ಪಾಸ್ಕೋ ಅವರ ಎಡಗಾಲಿನ ರಜೆ ಹಾಗೂ ಮೂವತ್ತೆಂಟು ಚೌಕಗಳ ಕುರಿತು

ಕರವಾಂಗ್ ಗ್ಯಾಪ್ ಪಟ್ಟಣ ಮಂಡಳಿ
ಚಳಿಗಾಲದ ವಾಹನ ನಿಲುಗಡೆ ಶಾಖೆ
(ಬೇಸಿಗೆಯಲ್ಲಿ: ನೊಣ ಮತ್ತು ಕಾಡ್ಗಿಚ್ಚು ಶಾಖೆ)

ಸಂಖ್ಯೆ: ಕಗ್ಯಾಮಂ / ಚವಾನಿ / ಎಡಗಾಲು / 18
ದಿನಾಂಕ: ಹಿಮದ ಹಂಗಾಮು ಶುರುವಾಗುವ ಶನಿವಾರಕ್ಕೆ ಒಂಬತ್ತು ದಿನ ಮುಂಚಿನ ಗುರುವಾರ

ಸುತ್ತೋಲೆ

ವಿಷಯ: ಮುಖ್ಯ ಬೀದಿಯ ಮೂವತ್ತೆಂಟು ಸಾರ್ವಜನಿಕ ನಿಲುಗಡೆ ಚೌಕಗಳ ಅಳತೆಗೆ ಮೂಲಬಿಂದುವಾಗಿರುವ ಶ್ರೀಮತಿ ನೋಲೀನ್ ಪಾಸ್ಕೋ ಅವರ ಎಡಗಾಲು ಚಳಿಗಾಲದ ರಜೆ ಕೋರಿರುವ ಬಗ್ಗೆ.

ಉಲ್ಲೇಖ: 1) ಇದೇ ಶಾಖೆಯ ಹದಿನೆಂಟು ವರ್ಷ ಹಿಂದಿನ ಸುತ್ತೋಲೆ.
2) ಶ್ರೀಮತಿ ಪಾಸ್ಕೋ ಅವರ ರಜೆ ಅರ್ಜಿ, ಬೇಕರಿಯ ಕಾಗದದ ಚೀಲದ ಮೇಲೆ ಬರೆದದ್ದು (ಬೆಣ್ಣೆ ಕಲೆ ಸಹಿತ).
3) ಮಂಗಳವಾರದ ಸಾರ್ವಜನಿಕ ಸಭೆಯ ನಡವಳಿ.

ಪ್ರಸ್ತಾವನೆ:

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಸಾರ್ವಜನಿಕರ ಗಮನಕ್ಕೆ ತರುವುದೇನೆಂದರೆ, ನಮ್ಮ ಮುಖ್ಯ ಬೀದಿಯ ಬಿಳಿ ಗೆರೆಗಳು ಇಲ್ಲಿ ಚಳಿಗಾಲ ಶುರುವಾಗುವ ಜೂನ್ ತಿಂಗಳಲ್ಲಿ ಹಿಮದಡಿ ಹೋದರೆ ಮತ್ತೆ ಮುಖ ತೋರಿಸುವುದು ಸೆಪ್ಟೆಂಬರಿನಲ್ಲಿ. ಹದಿನೆಂಟು ವರ್ಷಗಳ ಹಿಂದೆ, ರಾಣಿಯ ಹುಟ್ಟುಹಬ್ಬದ ಸರ್ಕಾರಿ ರಜೆಯ, ಹಂಗಾಮು ಶುರುವಾಗುವ ಶನಿವಾರ, ಕೆಲಸಕ್ಕೆ ಸೇರಿ ನಾಲ್ಕೇ ದಿನವಾಗಿದ್ದ ನಿಲುಗಡೆ ಅಧಿಕಾರಿ ಶ್ರೀ ಡೆಸ್ಮಂಡ್ ಟುಲಕ್ (ಈ ಸುತ್ತೋಲೆಗೆ ಸಹಿ ಹಾಕಿರುವವರು, ಇನ್ನು ಮುಂದೆ 'ಅಧಿಕಾರಿ') ಮೊಣಕಾಲುದ್ದದ ಹಿಮದಲ್ಲಿ ಗೆರೆ ಹುಡುಕುತ್ತ, ಮೆಲ್ಬರ್ನ್ ಕಡೆಯಿಂದ ಬಂದ ಕಾರುಗಳ ಹಾರ್ನಿನ ನಡುವೆ ಕಂಗಾಲಾಗಿ ನಿಂತಿದ್ದರು. ಇಪ್ಪತ್ತಾರು ವರ್ಷ ಇದೇ ಬೀದಿಯಲ್ಲಿ ಶಾಲೆಯ ಬಸ್ಸು ಓಡಿಸಿ ಆಗಷ್ಟೇ ಕೆಲಸ ಬಿಟ್ಟಿದ್ದ ಶ್ರೀಮತಿ ಪಾಸ್ಕೋ ಅವರು ಹೋವಾ ಅವರ ಬೇಕರಿಯ ಮುಂದೆ ಮಡಚುವ ಕುರ್ಚಿ ಹಾಕಿಕೊಂಡು, ಬಿಸಿಲಿಗೆ ಮೈಯೊಡ್ಡಿ ಉಣ್ಣೆಯ ಟೋಪಿ ಹೆಣೆಯುತ್ತಿದ್ದರು. ಅಧಿಕಾರಿಯ ಪಾಡು ನೋಡಲಾರದೆ ಅವರು ಹೆಣೆಯುವ ಕಡ್ಡಿಯಿಂದ ತಮ್ಮ ಎಡಗಾಲಿನ ಕುರಿಚರ್ಮದ ಬೂಟಿನ ತುದಿ ತೋರಿಸಿ, ಮೊದಲನೇ ಚೌಕ ಇಲ್ಲಿಂದ ಶುರು, ಮಿಕ್ಕದ್ದು ಎಣಿಸಿಕೊ ಎಂದರು. ಅಧಿಕಾರಿ ಅದನ್ನು ಬರೆದುಕೊಂಡರು. ಬರೆದದ್ದು ನಿಯಮವಾಯಿತು. ಸೆಪ್ಟೆಂಬರಿನಲ್ಲಿ ಹಿಮ ಕರಗಿದಾಗ ಮೂವತ್ತೆಂಟರಲ್ಲಿ ಒಂದು ಚೌಕವೂ ಬೆರಳಗಲ ತಪ್ಪಿರಲಿಲ್ಲ.

ಆದ್ದರಿಂದ ಈ ಮೂಲಕ ಸರ್ವರಿಗೂ ಸೂಚಿಸಲಾಗಿದೆ:

1. ಎಲ್ಲ ಚೌಕಗಳನ್ನೂ ಶ್ರೀಮತಿ ಪಾಸ್ಕೋ ಅವರ ಎಡಗಾಲಿನಿಂದಲೇ ಅಳೆಯತಕ್ಕದ್ದು. ಬಲಗಾಲಿಗೆ ಯಾವುದೇ ಅಧಿಕೃತ ಸ್ಥಾನಮಾನ ಇರುವುದಿಲ್ಲ. ಕಳೆದ ವರ್ಷ ಬಲಗಾಲಿನಿಂದ ಅಳೆದ ಪ್ರವಾಸಿಯೊಬ್ಬರ ಕಾರು ಅರ್ಧ ಬೇಕರಿಯ ಒಳಗಿತ್ತು. ಹೋವಾ ಅವರು ದಿನವಿಡೀ ಅವರಿಗೆ ಕಾರಿನ ಕಿಟಕಿಯಿಂದಲೇ ಹೂರಣ ತುಂಬಿ ಬೇಯಿಸಿದ ಪೈ ಕೊಟ್ಟದ್ದನ್ನು ಉಳಿದ ಗ್ರಾಹಕರು ಪೂರ್ವನಿದರ್ಶನವೆಂದು ಭಾವಿಸಿ ಅದೇ ಸೌಲಭ್ಯ ಕೇಳಬಾರದು.

2. ಸಭಾಭವನದ ಗೋಪುರದ ನೆರಳು ಬೀದಿಯಲ್ಲಿ ಸರಿಯುತ್ತದೆ. ನೆರಳು ಸರಿದಂತೆ ಶ್ರೀಮತಿ ಪಾಸ್ಕೋ ಅವರ ಕುರ್ಚಿಯೂ ಬಿಸಿಲು ಹುಡುಕಿಕೊಂಡು ಗಂಟೆಗೆ ಎರಡು ಗೇಣಿನಂತೆ ಪೂರ್ವಕ್ಕೆ ಸರಿಯುತ್ತದೆ. ಕುರ್ಚಿ ಸರಿದರೆ ಕಾಲು, ಕಾಲು ಸರಿದರೆ ಮೂವತ್ತೆಂಟೂ ಚೌಕ. ಬೆಳಗ್ಗೆ ಔಷಧದಂಗಡಿಯ ಮುಂದಿರುವ ಕೊನೆಯ ಚೌಕವು ಮಧ್ಯಾಹ್ನ ಮೂರರ ಹೊತ್ತಿಗೆ ಚೆಂಡುರುಳಿಸುವ ಆಟದ ಬೌಲ್ಸ್ ಕ್ಲಬ್ಬಿನ ಹುಲ್ಲಿನ ಮೇಲೆ ಕಾಲಿಟ್ಟಿರುತ್ತದೆ. ನೆರಳಿನಲ್ಲಿ ಕುಳಿತುಕೊಳ್ಳಿ ಎಂದು ಅವರಿಗೆ ಹೇಳುವ ಗಂಡೆದೆ ಈ ಮಂಡಳಿಯಲ್ಲಿ ಯಾರಿಗೂ ಇಲ್ಲವೆಂಬುದನ್ನು ದಾಖಲಿಸಲಾಗಿದೆ.

3. ಸದರಿ ಕಾರಣದಿಂದ, ಪ್ರತಿ ಗಂಟೆಗೊಮ್ಮೆ ಎಲ್ಲ ವಾಹನಗಳೂ ಏಕಕಾಲದಲ್ಲಿ ಎರಡು ಗೇಣು ಮುಂದೆ ಸರಿಯತಕ್ಕದ್ದು. ಸೂಚನೆಗಾಗಿ ಮೊದಲು ಅಗ್ನಿಶಾಮಕ ದಳದ ಸೈರನ್ ಬಳಸಲಾಗಿತ್ತು. ಸ್ವಯಂಸೇವಕರು ಗಂಟೆಗೊಮ್ಮೆ ಶಿರಸ್ತ್ರಾಣ ಹಾಕಿಕೊಂಡು ಓಡಿ ಬಂದು, ಬೆಂಕಿ ಕಾಣದೆ, ಬಂದದ್ದಕ್ಕೆ ಏನಾದರೂ ಇರಲೆಂದು ಬೀದಿ ತೊಳೆದು ಹೋಗುತ್ತಿದ್ದುದರಿಂದ, ತೊಳೆದ ಬೀದಿ ಹೆಪ್ಪುಗಟ್ಟಿ ಅಂಚೆಯವರು ಒಂದು ವಾರ ಕೂತುಕೊಂಡೇ ಜಾರುತ್ತ ಟಪಾಲು ಹಂಚಬೇಕಾಯಿತು. ಈಗ ಹೋವಾ ಅವರು ಪೈ ತಟ್ಟೆಯನ್ನು ಲಟ್ಟಣಿಗೆಯಿಂದ ಬಡಿಯುತ್ತಾರೆ. ಇದನ್ನು ಊರಿನ ಹಬ್ಬವೆಂದು ತಿಳಿದು ಸಿಡ್ನಿಯಿಂದ ಎರಡು ಬಸ್ಸು ತುಂಬ ಜನ ಬಂದಿದ್ದರು. ಆ ಬಸ್ಸುಗಳೂ ಎರಡು ಗೇಣು ಸರಿಯತಕ್ಕದ್ದು.

4. ಕೊರೆಯುವ ಚಳಿಯಲ್ಲಿ ಹ್ಯಾಂಡ್‌ಬ್ರೇಕ್ ಹಾಕಿದರೆ ಅದು ಹೆಪ್ಪುಗಟ್ಟಿ ಬಿಡಿಸಿಕೊಳ್ಳುವುದಿಲ್ಲವಾದ್ದರಿಂದ ವಾಹನವನ್ನು ಗೇರಿನಲ್ಲಿಟ್ಟು, ವೈಪರ್‌ಗಳನ್ನು ಮೇಲೆತ್ತಿ ನಿಲ್ಲಿಸತಕ್ಕದ್ದು. ಆದರೆ ಮಾಲೀಕರು ಹಿಮದಲ್ಲಿ ಜಾರಲು ಬೆಟ್ಟಕ್ಕೆ ಹೋಗಿರುವಾಗ ಅವರ ಕಾರನ್ನು ಬೌಲ್ಸ್ ಕ್ಲಬ್ಬಿನ ಹಿರಿಯರು ತಳ್ಳಬೇಕಾಗುವುದರಿಂದ ವಾಹನವನ್ನು ಗೇರಿನಲ್ಲಿಡಕೂಡದು. ಎರಡೂ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ಹೇಗೆ ಎಂದು ಕಚೇರಿಗೆ ಬಂದು ಕೇಳಬಾರದು.

5. ಕಳೆದ ಆಗಸ್ಟ್‌ನಲ್ಲಿ ಶ್ರೀಮತಿ ಪಾಸ್ಕೋ ಅವರು ನೆಗಡಿಯಿಂದ ಮೂರು ದಿನ ಮನೆಯಲ್ಲಿದ್ದಾಗ ಕಾರುಗಳು ಒಂದರ ಬೆನ್ನಿಗೊಂದು ಸುತ್ತಿಕೊಂಡು ಚಕ್ಕುಲಿಯಂತೆ ನಿಂತುಬಿಟ್ಟವು. ನಟ್ಟನಡುವೆ ಸಿಕ್ಕಿಕೊಂಡ ಅಡಿಲೇಡ್‌ನ ಕುಟುಂಬವೊಂದು ಮೂರು ರಾತ್ರಿ ಹೋವಾ ಅವರ ಮಹಡಿಯಲ್ಲಿ ತಂಗಿತ್ತು. ಆ ಮೂರೂ ದಿನ ಅಧಿಕಾರಿ ನಿಮಿಷಕ್ಕೊಮ್ಮೆ ಖಾಲಿ ಜಾಗದ ಕಡೆ ನೋಡುತ್ತಿದ್ದುದು ಅಳತೆಯ ದೃಷ್ಟಿಯಿಂದ ಮಾತ್ರ ಎಂದು ಆಗ ವರದಿ ಸಲ್ಲಿಸಲಾಗಿತ್ತು. ಆ ವರದಿಯನ್ನು ಈ ಮೂಲಕ ಹಿಂಪಡೆಯಲಾಗಿದೆ.

6. ಪ್ರಸ್ತುತ ಅರ್ಜಿಯ ಸಾರಾಂಶ ಇಂತಿದೆ. ಶ್ರೀಮತಿ ಪಾಸ್ಕೋ ಅವರ ತಂಗಿ ವಾಲ್ಮಾ ಅವರು ಉತ್ತರದ ಹಾರ್ವೇ ಬೇ ಕಡಲತೀರದಲ್ಲಿದ್ದಾರೆ. ಅಲ್ಲಿ ಜುಲೈನಲ್ಲೂ ತೋಳಿಲ್ಲದ ಅಂಗಿ ಹಾಕಬಹುದು. ಚಳಿಗಾಲ ಕಳೆಯಲು ತಿಮಿಂಗಿಲಗಳೇ ಅಲ್ಲಿಗೆ ಬರುತ್ತವೆ. ತಾವು ಹುಟ್ಟಿದಾಗಿನಿಂದ ಒಂದು ತಿಮಿಂಗಿಲವನ್ನೂ ನೋಡಿಲ್ಲವೆಂದೂ, ಹದಿನೆಂಟು ಚಳಿಗಾಲ ಕ್ಯಾನ್ವಾಸಿನ ಕುರ್ಚಿಯ ಮೇಲೆ ಕೂತು ಮರಗಟ್ಟಿದ ಶರೀರದ ಭಾಗವನ್ನು ಮರಳಿನಲ್ಲಿ ಹೂತಿಡಬೇಕೆಂದೂ ಅವರು ಬರೆದಿದ್ದಾರೆ. ಬರುವ ಶನಿವಾರ ಹೊರಟು ಸೆಪ್ಟೆಂಬರಿಗೆ ಬರುವುದು. ಬರದೆಯೂ ಇರಬಹುದು ಎಂದು ಚೀಲದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದೆ.

ಈ ಸಣ್ಣಕ್ಷರವನ್ನು ಅಧಿಕಾರಿ ಒಂಬತ್ತು ಸಲ ಓದಿದರು. ನಂತರ ಅರ್ಜಿಯನ್ನು ಒಂದೇ ವಾರದಲ್ಲಿ ಮೂರು ಸಲ ತಿರಸ್ಕರಿಸಿದರು: ಸೋಮವಾರ, ನಿಗದಿತ ನಮೂನೆಯಲ್ಲಿಲ್ಲವೆಂದು (ಅಂಥ ನಮೂನೆ ಇರಲಿಲ್ಲ), ಬುಧವಾರ, ಎಡಗಾಲು ಊರು ಬಿಡಲು ಉಳಿದ ಶರೀರದ ನಿರಾಕ್ಷೇಪಣಾ ಪತ್ರ ಲಗತ್ತಿಸಿಲ್ಲವೆಂದು, ಶುಕ್ರವಾರ, ತಿಮಿಂಗಿಲವು ತುರ್ತು ಕಾರಣವಲ್ಲವೆಂದು. ಶನಿವಾರ ನಿರಾಕ್ಷೇಪಣಾ ಪತ್ರ ಬಂತು. ಅದರಲ್ಲಿ ಉಳಿದ ಶರೀರವು ಅಧಿಕಾರಿಯ ಬಗ್ಗೆ ಆಡಿದ್ದ ಮಾತುಗಳನ್ನು ಇಲ್ಲಿ ಉದ್ಧರಿಸಲು ಅವಕಾಶವಿಲ್ಲ.

7. ಬದಲಿ ಮೂಲಬಿಂದುವಿಗಾಗಿ ನಡೆದ ಪ್ರಯೋಗಗಳ ಫಲಿತಾಂಶ:

(ಅ) ತೋಟದ ಮಣ್ಣಿನ ಗೊಂಬೆ. ಮೊದಲ ದಿನವೇ ಪ್ರವಾಸಿಗರು ಕೊಂಡೊಯ್ದರು. ಸದ್ಯ ಅದು ಟಾಸ್ಮೇನಿಯಾದಲ್ಲಿದೆ. ಆ ಪ್ರಕಾರ ಅಳೆದರೆ ನಮ್ಮ ಮೊದಲನೇ ಚೌಕವೂ ಅಲ್ಲೇ ಇದೆ.

(ಆ) ಉಪಗ್ರಹ ಆಧಾರಿತ ಯಂತ್ರ. ಮೂವತ್ತೆಂಟೂ ಚೌಕಗಳನ್ನು ಅಚ್ಚುಕಟ್ಟಾಗಿ ಹೊಳೆಯೊಳಗೆ ತೋರಿಸಿತು. ನಿಲುಗಡೆ ಚೆನ್ನಾಗಿದೆಯೆಂಬಂತೆ ಬಾತುಕೊಕ್ಕಿನ ಒಂದು ಪ್ಲಾಟಿಪಸ್ ಮಾತ್ರ ಅಲ್ಲಿ ಸುತ್ತಾಡುತ್ತಿತ್ತು.

(ಇ) ಸ್ವತಃ ಅಧಿಕಾರಿ. ಕುರ್ಚಿಯಲ್ಲಿ ನಾಲ್ಕು ನಿಮಿಷ ಕುಳಿತರು. ಪಕ್ಕದಲ್ಲಿ ಮಾತಾಡಲು ಯಾರೂ ಇರಲಿಲ್ಲವಾದ್ದರಿಂದ ಎದ್ದರು.

8. ಮಂಗಳವಾರ ಸಭಾಭವನದಲ್ಲಿ ಸೇರಿದ ಸಭೆಗೆ ಊರಿನ ಅರ್ಧ ಜನ ಬಂದಿದ್ದರು. ಉಳಿದರ್ಧ ನಿಲ್ಲಿಸಲು ಜಾಗ ಹುಡುಕುತ್ತಿದ್ದರು. ಶ್ರೀಮತಿ ಪಾಸ್ಕೋ ಅವರು ಹೋದರೆ ಹಂಗಾಮೇ ಮುಳುಗುತ್ತದೆಂದು ಹೋಟೆಲಿನವರು ಗೋಳಾಡಿದರು; ಕಾಲಿನ ಅಚ್ಚು ತೆಗೆದು ಕಂಚಿನಲ್ಲಿ ಎರಕ ಹೊಯ್ಯೋಣವೆಂದು ಬೌಲ್ಸ್ ಕ್ಲಬ್ಬಿನವರು ಅಂದರು. ಶ್ರೀಮತಿ ಪಾಸ್ಕೋ ಅವರು ಹೆಣಿಗೆ ಕೆಳಗಿಟ್ಟು ಎದ್ದು ನಿಂತರು. ಹದಿನೆಂಟು ವರ್ಷಗಳಲ್ಲಿ ಅವರು ಹೆಣಿಗೆ ಕೆಳಗಿಟ್ಟದ್ದು ಅದೇ ಮೊದಲು. ನಡವಳಿಯಲ್ಲಿ ಅವರ ಮಾತನ್ನು ಇದ್ದಂತೆಯೇ ದಾಖಲಿಸಲಾಗಿದೆ:

"ಡೆಸ್, ನನ್ನ ಕಾಲು ನಿನ್ನ ಶಾಖೇದಲ್ಲ ಕಣಯ್ಯ. ಗೆರೆ ಎಲ್ಲಿದೆ ಅಂತ ನಿಂಗೂ ಗೊತ್ತು. ಇಷ್ಟು ವರ್ಷ ನನ್ನ ಪಕ್ಕದಲ್ಲೇ ನಿಂತಿದೀಯ, ಕಣ್ ಮುಚ್ಕೊಂಡು ತೋರಿಸ್ತೀಯ. ನಾನು ಇಲ್ಲೇ ಇರ್ಬೇಕು ಅನ್ನೋಕೆ ಬೇರೆ ಏನಾದ್ರೂ ಕಾರಣ ಇದ್ರೆ ಬಾಯ್ಬಿಟ್ಟು ಹೇಳು. ಇಲ್ದಿದ್ರೆ ಶನಿವಾರ ನಾನು ಹೊರಟೆ."

"ಎರಡನೇ ನಿಯಮದ ಪ್ರಕಾರ..." ಎಂದು ಅಧಿಕಾರಿ ಶುರು ಮಾಡಿದರು.

"ನಿಯಮ ಕೇಳ್ಲಿಲ್ಲ ನಾನು."

"ಹೇಳ್ಬಿಡೋ ಮಾರಾಯ, ಪೈ ಆರ್ತಾ ಇದೆ," ಎಂದು ಹೋವಾ ಅವರು ಹಿಂದಿನ ಸಾಲಿನಿಂದ ಅಂದರು.

ಅಧಿಕಾರಿ ಎದ್ದು ನಿಂತರು, ಕೆಮ್ಮಿದರು, ಮುಂದಿನ ಸಭೆಯ ದಿನಾಂಕವನ್ನು ನಂತರ ತಿಳಿಸಲಾಗುವುದು ಎಂದು ಘೋಷಿಸಿ ಹೊರಟುಹೋದರು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ತಮಗೆ ತಾವೇ ಬೈದುಕೊಂಡರು. ಬೈಗುಳವನ್ನು ಅನುಬಂಧದಲ್ಲಿ ಸೇರಿಸಿಲ್ಲ.

9. ಬುಧವಾರ ಬೆಳಗ್ಗೆ, ಇನ್ನೂ ಹಿಮ ಬೀಳದೆ ಗೆರೆಗಳು ಕಾಣುತ್ತಿರುವಾಗಲೇ, ಅಧಿಕಾರಿ ಕಣ್ಣಿಗೆ ಮಫ್ಲರ್ ಕಟ್ಟಿಕೊಂಡು ಬೀದಿಗೆ ಇಳಿದರು. ಹೋವಾ ಅವರು ಸಾಕ್ಷಿ. ಒಂದರಿಂದ ಮೂವತ್ತೆಂಟರವರೆಗೆ ಅವರು ತೋರಿಸಿದಲ್ಲೆಲ್ಲ ಗೆರೆ ಇತ್ತು, ಬೆರಳಗಲವೂ ತಪ್ಪಿರಲಿಲ್ಲ. ಹೀಗಾಗಿ ಮೂಲಬಿಂದುವಾಗಿ ಶ್ರೀಮತಿ ಪಾಸ್ಕೋ ಅವರ ಎಡಗಾಲು ಈ ಶಾಖೆಗೆ ಅಗತ್ಯವಿಲ್ಲವೆಂದೂ, ಬಹುಶಃ ಹನ್ನೆರಡು ಹದಿಮೂರು ವರ್ಷಗಳಿಂದಲೂ ಇರಲಿಲ್ಲವೆಂದೂ, ಇದು ಅಧಿಕಾರಿಗೆ ಗೊತ್ತಿತ್ತೆಂದೂ ಶಾಖೆಯು ಒಪ್ಪಿಕೊಳ್ಳುತ್ತದೆ.

ಗೊತ್ತಿದ್ದೂ ಪ್ರತಿ ಮೇ ತಿಂಗಳಲ್ಲಿ ಅಧಿಕಾರಿ ಅದೇ ಸುತ್ತೋಲೆಯನ್ನು ಏಕೆ ಹೊರಡಿಸುತ್ತಿದ್ದರೆಂದು ಲೆಕ್ಕಪರಿಶೋಧಕರು ಕೇಳಬಹುದು. ಉತ್ತರ: ಬೆಳಗ್ಗೆ ಒಂಬತ್ತಕ್ಕೆ ಆ ಕುರ್ಚಿಯ ಪಕ್ಕ ಹೋಗಿ ನಿಲ್ಲಲು ಅಧಿಕಾರಿಗೆ ಒಂದು ನಿಯಮ ಬೇಕಾಗಿತ್ತು. ಪತ್ನಿಯನ್ನು ಬಿಟ್ಟು ಶ್ರೀ ಪಾಸ್ಕೋ ಅವರು ಗಾಲ್ಫ್ ಕಲಿಸುವವಳೊಬ್ಬಳ ಜೊತೆ ಪರ್ತ್ ಸೇರಿ ಇಪ್ಪತ್ತು ವರ್ಷವಾಗಿದ್ದರೂ, ನಿಯಮವಿಲ್ಲದೆ ಹೋಗಿ ನಿಲ್ಲುವ ಧೈರ್ಯ ಅಧಿಕಾರಿಗೆ ಬಂದಿರಲಿಲ್ಲ.

10. ಮೇಲಿನ ಎಲ್ಲ ಅಂಶಗಳನ್ನು ಪರಿಶೀಲಿಸಿ ಹೊರಡಿಸಿದ ಆದೇಶ:

(ಅ) ಶ್ರೀಮತಿ ನೋಲೀನ್ ಪಾಸ್ಕೋ ಅವರ ಎಡಗಾಲಿಗೆ ರಜೆ ಮಂಜೂರು ಮಾಡಲಾಗಿದೆ. ಬಲಗಾಲಿಗೆ ಅನುಮತಿಯ ಅಗತ್ಯ ಎಂದೂ ಇರಲಿಲ್ಲ.

(ಆ) ಶ್ರೀಮತಿ ಪಾಸ್ಕೋ ಅವರು ಶಾಖೆಗೆ ಬೇಕಾಗಿಲ್ಲ, ಅಧಿಕಾರಿಗೆ ಬೇಕಾಗಿದ್ದಾರೆ. ಇದನ್ನು ಮಂಗಳವಾರವೇ ಹೇಳಬೇಕಿತ್ತು. ವಿಳಂಬಕ್ಕೆ ವಿಷಾದಿಸಲಾಗಿದೆ.

(ಇ) ಸೇವೆಗೆ ಸೇರಿದಾಗಿನಿಂದ ಚಳಿಗಾಲದಲ್ಲಿ ಒಂದು ದಿನವೂ ರಜೆ ಹಾಕದ ಅಧಿಕಾರಿಯು ಸೆಪ್ಟೆಂಬರ್‌ವರೆಗೆ ರಜೆ ಕೋರಿದ್ದು, ಮಂಜೂರು ಮಾಡುವ ಸಕ್ಷಮ ಪ್ರಾಧಿಕಾರ ತಾವೇ ಆದ್ದರಿಂದ ಮಂಜೂರು ಮಾಡಿಕೊಂಡಿದ್ದಾರೆ. ಹಾರ್ವೇ ಬೇ ತನಕ ಎರಡು ದಿನದ ದಾರಿ. ಶ್ರೀಮತಿ ಪಾಸ್ಕೋ ಅವರು ಒಪ್ಪಿದರೆ ಚಾಲನೆಯನ್ನು ಹಂಚಿಕೊಳ್ಳಬಹುದು. ಒಪ್ಪದಿದ್ದರೆ ಅಧಿಕಾರಿ ರಜೆಯಲ್ಲಿ ಮನೆಯಲ್ಲೇ ಇದ್ದು, ಕರೆದರೂ ಹೊರಗೆ ಬರುವುದಿಲ್ಲ.

11. ಈ ಚಳಿಗಾಲ ಮುಖ್ಯ ಬೀದಿಯಲ್ಲಿ ವಾಹನಗಳನ್ನು ಹಿಡಿಸಿದಲ್ಲಿ ನಿಲ್ಲಿಸತಕ್ಕದ್ದು. ಹಿಡಿಸದಿದ್ದರೆ ಪಕ್ಕದವರನ್ನು ಕೇಳತಕ್ಕದ್ದು.

ಈ ಸುತ್ತೋಲೆ ತಕ್ಷಣದಿಂದ ಜಾರಿಗೆ ಬರುತ್ತದೆ. ಪೂರ್ವಾನ್ವಯವಾಗಿ ಜಾರಿಗೊಳಿಸಲು ಸಾಧ್ಯವಿದ್ದಿದ್ದರೆ ಹನ್ನೆರಡು ವರ್ಷ ಹಿಂದಕ್ಕೆ ಜಾರಿಗೊಳಿಸಲಾಗುತ್ತಿತ್ತು.

(ಸಹಿ)
ಡೆಸ್ಮಂಡ್ ಟುಲಕ್
ನಿಲುಗಡೆ ಅಧಿಕಾರಿ
ಚಳಿಗಾಲದ ವಾಹನ ನಿಲುಗಡೆ ಶಾಖೆ

ಪ್ರತಿಗಳು:

1. ಶ್ರೀಮತಿ ಹೋವಾ, ಬೇಕರಿ: ಗಾಜಿನ ಮೇಲೆ, ಪೈಗಳ ಪಟ್ಟಿಯ ಕೆಳಗೆ ಅಂಟಿಸಲು. ಗಿರಾಕಿಗಳಿಗೆ ಓದಿ ಹೇಳಬಾರದೆಂದು ಕೋರಲಾಗಿದೆ. ಹೇಳುತ್ತೀರೆಂದು ಗೊತ್ತಿದೆ.

2. ಅಧ್ಯಕ್ಷರು, ಬೌಲ್ಸ್ ಕ್ಲಬ್: ಕಾರು ತಳ್ಳುವ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ. ಕಂಚಿನ ಎರಕದ ಕೆಲಸ ನಿಲ್ಲಿಸುವುದು.

3. ಸಿಡ್ನಿಯ ಬಸ್ಸಿನವರು: ಗಂಟೆಗೊಮ್ಮೆ ನಡೆಯುವ ಹಬ್ಬ ಈ ವರ್ಷ ಇರುವುದಿಲ್ಲ.

4. ಶ್ರೀಮತಿ ವಾಲ್ಮಾ, ಹಾರ್ವೇ ಬೇ: ಹೆಚ್ಚುವರಿ ಹಾಸಿಗೆ ಇದೆಯೇ ಎಂಬ ಬಗ್ಗೆ ಮರುಟಪಾಲಿನಲ್ಲಿ ತಿಳಿಸಲು. ಇಲ್ಲದಿದ್ದರೆ ಅಂಗಳದಲ್ಲಿ ಡೇರೆ ಹಾಕಲು ಅಡ್ಡಿಯಿಲ್ಲ.

5. ಶ್ರೀಮತಿ ನೋಲೀನ್ ಪಾಸ್ಕೋ: ಖುದ್ದಾಗಿ. ಓದಿ ಮುಗಿಸುವವರೆಗೆ ಅಧಿಕಾರಿ ಗೇಟಿನ ಹೊರಗೆ ನಿಂತಿರುತ್ತಾರೆ.

6. ಕಚೇರಿ ಪ್ರತಿ. ಇದರ ಅಂಚಿನಲ್ಲಿ, ಗೇಟಿನ ಮೇಲಿಟ್ಟು ಪೆನ್ಸಿಲಿನಿಂದ ಬರೆದ ಷರಾ: "ಓದಿದೆ. ಶನಿವಾರ ಬೆಳಗ್ಗೆ ಏಳಕ್ಕೆ ಕಾರು ತಗೊಂಡು ಬಾ. ಎಲ್ಲಿ ಬೇಕಾದ್ರೂ ನಿಲ್ಸು. ನೋಲೀನ್."