ಇಂಚಿಗೆ ಆರುನೂರು ಚುಕ್ಕಿ

ಎವ್ಲಿನ್ ಟೀಚರ ಮದುವೆಯ ಫೋಟೊ ಉಳಿದದ್ದು ಒಂದೇ, ಅದೂ ನಾಲ್ಕಿಂಚಿನದು. ಮದುವೆಯ ಐವತ್ತನೇ ವರ್ಷದ ಕೇಕಿನ ಪಕ್ಕ ಅದನ್ನು ದೊಡ್ಡದು ಮಾಡಿ ಇಡುವ ಕೆಲಸ ಬ್ರಯಾನನ ತಲೆಗೆ ಬಿತ್ತು.

ಬಿದ್ದದ್ದಲ್ಲ, ಅವನೇ ತಲೆ ಕೊಟ್ಟದ್ದು. ಟೀಚರ ಮಗಳು ಲಿಡಿಯಾ ಅವನಿಗೆ ಬೇಕು. ಟೀಚರಿಗೋ ಇವನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ಎ.ಸಿ. ರಿಪೇರಿಯವ. ಸಾಲದ್ದಕ್ಕೆ ಅಜ್ಜನಿಂದ ಬಂದ, ಚಹಾ ಕಪ್ಪಿನ ಹಿಡಿಯಂಥ ಕಿವಿ ಬೇರೆ.

"ಸಂಜೆ ಐದಕ್ಕೆ ತಾ. ಒಂದೊಂದು ಮುಖವೂ ಕಾಣಬೇಕು. ಆಮೇಲೆ ನಿನ್ನ ವಿಷಯ ಮಾತಾಡುವ," ಎಂದಿದ್ದರು ಟೀಚರ್. "ಜಾಗ್ರತೆ! ಆ ಮದುವೆಯಲ್ಲಿ ಯಾರೋ ನನ್ನ ಪಪ್ಪನ ಬೆಳ್ಳಿ ಹಿಡಿಯ ಕೊಡೆ ಕದ್ದರು. ಈಗ ಉಳಿದಿರುವುದು ಈ ಫೋಟೊ ಮತ್ತು ಜೆರೋಮ್ ಮಾತ್ರ."

ಬ್ರಯಾನನ ಫಳ್ನೀರಿನ ಬಾಡಿಗೆ ಕೋಣೆಯಲ್ಲಿ ಪ್ರಿಂಟರ್ ಇತ್ತು. ಫೋಟೊ ಕಾಗದ ಮೂರೇ ಹಾಳೆ. ಭಾನುವಾರ, ಅಂಗಡಿ ಬಂದ್. ಬ್ರಯಾನ್ ಗಡಿಬಿಡಿಯಲ್ಲಿ ಸ್ಕ್ಯಾನ್ ಮಾಡುವಷ್ಟರಲ್ಲಿ ಪಕ್ಕದ ಮನೆಯ ಮೋಹನದಾಸ ಹಾಜರ್.

"ಎಂತ ಮಾರಾಯ, ಇಷ್ಟೇನಾ? ಮೂಲೆ ಹಿಡಿದು ಎಳೆ, ದೊಡ್ಡದಾಗ್ತದೆ," ಎಂದು ತಾನೇ ಎಳೆದು, ಪ್ರಿಂಟೂ ಒತ್ತಿದ.

ಮದುಮಗಳ ಮುಖ ನೀರುದೋಸೆಯ ಹಾಗೆ ತೂತುತೂತಾಗಿ ಬಂತು. ಮದುಮಗ ಜೆರೋಮರಿಗೆ ಬಾಯಿಯೇ ಇರಲಿಲ್ಲ.

"ಮದುವೆಯಾದವನಿಗೆ ಬಾಯಿ ಎಂತಕ್ಕೆ?" ಎಂದ ಮೋಹನದಾಸ.

ನಗು ಕೇಳಿ ಮಹಡಿ ಮನೆಯ ರಿಝ್ವಾನಾ ಇಳಿದು ಬಂದಳು. "ಕೊಡಿ ಇಲ್ಲಿ, ನನ್ನ ಆ್ಯಪಿನಲ್ಲಿ ಹಾಕ್ತೇನೆ. ಮುಖ ನುಣ್ಣಗೆ ಬರ್ತದೆ." ನುಣ್ಣಗೇನೋ ಬಂತು. ಜೆರೋಮರಿಗೆ ಕಳೆದ ಬಾಯಿ ಸಿಕ್ಕಿತು, ಲಿಪ್‌ಸ್ಟಿಕ್ ಸಮೇತ.

ಎರಡನೇ ಹಾಳೆಯೂ ಹೋಯಿತು. ಗಂಟೆ ಮೂರು.

"ಹೊರಗೆ ಹೋಗಿ, ಇಬ್ಬರೂ!" ಬ್ರಯಾನ್ ಕಿರುಚಿದ.

"ಮಬ್ಬಾಗಿದ್ದರೇ ಒಳ್ಳೇದು ಮಾರಾಯ," ಮೋಹನದಾಸ ಬಾಗಿಲಿನಿಂದಲೇ ಹೇಳಿದ. "ಹಳೇ ಮದುವೆಯನ್ನು ಅಷ್ಟು ಹತ್ತಿರದಿಂದ ನೋಡಬಾರದು."

ಬ್ರಯಾನ್ ತಲೆ ಹಿಡಿದು ಕೂತ. ಒಂದು ಕೋಣೆಯ ಎ.ಸಿ.ಯಿಂದ ಮದುವೆ ಹಾಲ್ ತಂಪಾಗುತ್ತದೆಯೇ? ಅವನು ಸ್ಕ್ಯಾನ್ ಮಾಡಿದ್ದು ಇಂಚಿಗೆ ನೂರೇ ಚುಕ್ಕಿಯಲ್ಲಿ; ಎಳೆದರೆ ಚುಕ್ಕಿ ಹೆಚ್ಚುವುದಿಲ್ಲ, ಬರೀ ದಪ್ಪಗಾಗುತ್ತದೆ. ಎಂಟಿಂಚಿನ ಪ್ರಿಂಟಿನಲ್ಲಿ ಇಂಚಿಗೆ ಮುನ್ನೂರು ಚುಕ್ಕಿ ಇರಬೇಕಾದರೆ ನಾಲ್ಕಿಂಚಿನ ಫೋಟೊವನ್ನು ಇಂಚಿಗೆ ಆರುನೂರರಲ್ಲಿ ಸ್ಕ್ಯಾನ್ ಮಾಡಬೇಕು. ಡಿಗ್ರಿ ಇದ್ದ ಮೋಹನದಾಸನಿಗೆ ಹೊಳೆಯದ ಲೆಕ್ಕ ಇದು!

ಗಾಜು ಒರೆಸಿ ಮತ್ತೆ ಸ್ಕ್ಯಾನ್ ಮಾಡಿದ. ಕೊನೆಯ ಹಾಳೆ ಒಳಗೆ ಹೋಗುವಾಗ ಅವನ ಉಸಿರೂ ಅದರ ಜೊತೆ ಒಳಗೆ ಹೋಯಿತು. ಹೊರಬಂದ ಫೋಟೊದಲ್ಲಿ ಟೀಚರ ಸೆರಗಿನ ಜರಿ, ಜೆರೋಮರ ಮೀಸೆಯ ಒಂದೊಂದು ಕೂದಲೂ ಎಣಿಸಬಹುದಿತ್ತು. ಅಷ್ಟು ನೋಡಿ ಸಾಕೆಂದು ಓಡಿದ.

ಹೊರಗೆ ಧೋ ಎಂದು ಮಳೆ. ಬಾಗಿಲ ಹಿಂದೆ ತೂಗುತ್ತಿದ್ದ ಅಜ್ಜನ ಕಾಲದ ಉದ್ದ ಕೊಡೆ ಕಿತ್ತುಕೊಂಡ. ನಂತೂರಿನಲ್ಲಿ ಲಾರಿಗಳ ಸಾಲು. ಬಸ್ಸು ಇಪ್ಪತ್ತು ನಿಮಿಷ ಅಲುಗಲಿಲ್ಲ. ಕಾವೂರಿನಲ್ಲಿ ಇಳಿದು, ಫೋಟೊಕ್ಕೆ ಕೊಡೆ ಹಿಡಿದು, ತಾನು ನೆನೆಯುತ್ತ ಟೀಚರ ಮನೆ ಮುಟ್ಟಿದಾಗ ಐದಕ್ಕೆ ಎರಡು ನಿಮಿಷ.

ಟೀಚರ್ ಕನ್ನಡಕ ಹಾಕಿ ನೋಡಿದರು. ಕಣ್ಣು ತುಂಬಿತು. "ಎಷ್ಟು ಚಂದ ಮಾಡಿದ್ದೀ ಮಗಾ!"

ಲಿಡಿಯಾ ಬ್ರಯಾನನ ಕೈ ಹಿಸುಕಿದಳು. ಟೀಚರ ಬೆರಳು ಒಂದೊಂದೇ ಮುಖ ಮುಟ್ಟುತ್ತ ಹಿಂದಿನ ಸಾಲಿಗೆ ಹೋಯಿತು, ಅಲ್ಲೇ ನಿಂತಿತು.

ಐವತ್ತು ವರ್ಷ ಉಗುರಿನಷ್ಟೇ ಚಿಕ್ಕದಾಗಿ ಮಬ್ಬಾಗಿದ್ದ ಬ್ಯಾಂಡಿನವನೊಬ್ಬ ಈಗ ಸ್ಪಷ್ಟವಾಗಿ ನಗುತ್ತಿದ್ದ. ಒಂದು ಕೈಯಲ್ಲಿ ತುತ್ತೂರಿ. ಇನ್ನೊಂದು ಕೈಯ ಕಂಕುಳಿನಿಂದ ಗಿಳಿಮೂತಿಯ ಕೊಡೆಹಿಡಿಯೊಂದು ಇಣುಕುತ್ತಿತ್ತು. ಕಿವಿಯಂತೂ ಚಹಾ ಕಪ್ಪಿನ ಹಿಡಿ!

ಟೀಚರ್ ಫೋಟೊ ನೋಡಿದರು. ಬ್ರಯಾನನ ಕಿವಿ ನೋಡಿದರು. ಆಮೇಲೆ, ಬಾಗಿಲಲ್ಲಿ ನೀರು ಸುರಿಸುತ್ತ ನಿಂತ ಕೊಡೆ ನೋಡಿದರು. ಕಪ್ಪಾಗಿದ್ದ ಹಿಡಿಯನ್ನು ಸೆರಗಿನಿಂದ ತಿಕ್ಕಿದಾಗ ಬೆಳ್ಳಿಯ ಗಿಳಿಮೂತಿ ಫಳಕ್ಕೆಂದಿತು.

"ಕೊಡೆ ಇಲ್ಲೇ ಇರಲಿ," ಎಂದರು ಟೀಚರ್. "ನೀನು ಹೊರಡು."

ಬ್ರಯಾನ್ ಮಳೆಗೆ ಇಳಿದ. ಹಿಂದಿನಿಂದ, ಆವರೆಗೂ ಬಾಯಿ ಬಿಡದ ಜೆರೋಮರ ದನಿ ಕೇಳಿತು:

"ಏನೇ ಹೇಳು ಎವ್ಲಿನ್, ಫೋಟೊ ಮಾತ್ರ ಭಾರೀ ಕ್ಲಿಯರ್ ಉಂಟು."